ಇಬ್ಬರ ಆಟದಲ್ಲಿ ಮೂರನೆಯವರ ಜಾಗ

ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲ ಎಂದರೆ ಹೊರಗಿನವರಿಗೆ ನೆನಪಾಗುವುದು ಅಮ್ಮಾಜಾನ್-ಬಾವಾಜಾನ್ ದರ್ಗಾ ಮತ್ತು ಮುಕ್ತೀಶ್ವರ ದೇವಾಲಯ. ಆಂಧ್ರದ ಗಡಿಗೆ ಹತ್ತಿರದ ಈ ಸೀಮೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಬೀದಿಯಲ್ಲಿ ಕಿವಿಗೆ ಬೀಳುತ್ತವೆ. ಹಾಗಾಗಿ ಇಲ್ಲಿ ಆಟಗಳಿಗೂ ಎರಡೆರಡು ಹೆಸರು. ಕನ್ನಡಿಗರ ಆಡು-ಹುಲಿ ಆಟ ತೆಲುಗರಿಗೆ ಪುಲಿಜೂದಂ. ಹೆಸರು ಯಾವುದಾದರೂ ಲೆಕ್ಕ ಒಂದೇ. ಸಾಮಾನ್ಯವಾಗಿ ಒಬ್ಬನ ಕೈಯಲ್ಲಿ ಮೂರು ಹುಲಿ, ಇನ್ನೊಬ್ಬನ ಕೈಯಲ್ಲಿ ಹದಿನೈದು ಆಡು. ಹುಲಿ ಹಾರಿ ಕೊಲ್ಲುತ್ತದೆ. ಆಡುಗಳಿಗೆ ಕೊಲ್ಲುವ ಶಕ್ತಿಯಿಲ್ಲ, ಒಟ್ಟಾಗಿ ನಿಂತು ಹುಲಿಯ ದಾರಿ ಕಟ್ಟಬಹುದು, ಅಷ್ಟೇ. ಅಜ್ಜಿಯ ಜೊತೆ ಆಡಿ ಸೋತ ಹುಲಿಗಳ ಸಂಖ್ಯೆ ಕಡಿಮೆಯೇನಲ್ಲ.

ಕಲ್ಲು ಚಪ್ಪಡಿಯ ಮೇಲೆ ನಾಲ್ಕು ಗೆರೆ ಎಳೆದು ಆಡುವ ಇಂಥ ಆಟವೂ ಬಲ ಎಂದರೇನು, ಸೋಲು ಎಂದರೇನು ಎಂಬ ಬಗ್ಗೆ ತನ್ನದೇ ಒಂದು ತಿಳಿವಳಿಕೆಯನ್ನು ಒಳಗಿಟ್ಟುಕೊಂಡಿರುತ್ತದೆ. ಹಾಗಾದರೆ ಇಡೀ ಭೂಪಟವನ್ನೇ ಹಲಗೆಯಾಗಿ ಮಾಡಿಕೊಂಡ ಆಟ ಏನು ಹೇಳೀತು? ಅಂಥದೊಂದು ಆಟ ಉಂಟು. ಹೆಸರು ‘ಟ್ವೈಲೈಟ್ ಸ್ಟ್ರಗಲ್’. ವಸ್ತು, ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳ ನಡುವೆ 1945ರಿಂದ 1989ರವರೆಗೆ ನಡೆದ ಶೀತಲ ಸಮರ.

ಆನಂದ ಗುಪ್ತ ಮತ್ತು ಜೇಸನ್ ಮ್ಯಾಥ್ಯೂಸ್ ಎಂಬಿಬ್ಬರು ರೂಪಿಸಿದ ಈ ಆಟವನ್ನು ಅಮೆರಿಕದ ಜಿಎಂಟಿ ಗೇಮ್ಸ್ ಸಂಸ್ಥೆ 2005ರಲ್ಲಿ ಹೊರತಂದಿತು. ಅಧ್ಯಕ್ಷ ಕೆನಡಿ 1961ರಲ್ಲಿ ಅಧಿಕಾರ ವಹಿಸಿಕೊಂಡಾಗ ಮಾಡಿದ ಭಾಷಣದ ಒಂದು ಮಾತಿನಿಂದ ಹೆಸರನ್ನು ಆರಿಸಿಕೊಳ್ಳಲಾಯಿತು. ಆಡುವವರು ಇಬ್ಬರೇ. ಒಬ್ಬರು ವಾಷಿಂಗ್ಟನ್, ಇನ್ನೊಬ್ಬರು ಮಾಸ್ಕೋ. ಇಸ್ಪೀಟಿನಂತೆ ಎಲೆಗಳನ್ನು ಹಂಚಿಕೊಂಡು, ಭೂಪಟದ ದೇಶಗಳಲ್ಲಿ ತಮ್ಮ ‘ಪ್ರಭಾವ’ದ ಬಿಲ್ಲೆಗಳನ್ನು ಇಡುತ್ತಾ ಹೋಗಬೇಕು. ಹತ್ತು ಸುತ್ತಿನ ಈ ಆಟ ಮುಗಿಯಲು ಎರಡು ಮೂರು ಗಂಟೆ ಬೇಕು. ಬೋರ್ಡ್ ಆಟಗಳ ಅಭಿಮಾನಿಗಳು ಜಗತ್ತಿನಾದ್ಯಂತ ಮತ ಹಾಕಿ ತಯಾರಿಸುವ ಶ್ರೇಯಾಂಕ ಪಟ್ಟಿಯಲ್ಲಿ ಇದು ಸುಮಾರು ಐದು ವರ್ಷ ಮೊದಲ ಸ್ಥಾನದಲ್ಲಿತ್ತು.

ಆಟದ ಸ್ವಾರಸ್ಯವೆಲ್ಲ ಇರುವುದು ಎರಡು ನಿಯಮಗಳಲ್ಲಿ. ಬಹುಪಾಲು ಎಲೆಗಳ ಮೇಲೆ ಒಂದು ಅಂಕಿ, ಒಂದು ಐತಿಹಾಸಿಕ ಘಟನೆ ಇರುತ್ತದೆ. ಘಟನೆ ಅಮೆರಿಕಕ್ಕೆ ಅನುಕೂಲವಾದದ್ದಾಗಿರಬಹುದು, ಸೋವಿಯತ್ತಿಗೆ ಅನುಕೂಲವಾದದ್ದಾಗಿರಬಹುದು, ಯಾರಿಗೂ ಸೇರದ್ದಾಗಿರಬಹುದು. ತೊಡಕು ಇರುವುದು ಇಲ್ಲಿ: ನಿಮ್ಮ ಕೈಯಲ್ಲಿರುವ ಎಲೆಯ ಘಟನೆ ಎದುರಾಳಿಗೆ ಅನುಕೂಲವಾದದ್ದಾದರೆ, ಆ ಎಲೆಯನ್ನು ಅಂಕಿಗಾಗಿ ನೀವು ಇಳಿಸಿದರೂ ಘಟನೆ ಘಟಿಸಿಯೇ ತೀರುತ್ತದೆ. ಅಂದರೆ ಶತ್ರುವಿನ ಕೆಲಸವನ್ನು ನೀವೇ ನಿಮ್ಮ ಕೈಯಾರೆ ಮಾಡಿಕೊಡಬೇಕು. ಅದನ್ನು ಯಾವಾಗ ಮಾಡಿದರೆ ಕಡಿಮೆ ನಷ್ಟ ಎಂದು ಲೆಕ್ಕ ಹಾಕುವುದರಲ್ಲೇ ಆಟಗಾರನ ಅರ್ಧ ಬುದ್ಧಿ ಖರ್ಚಾಗುತ್ತದೆ.

ಎರಡನೆಯದು ಅಣ್ವಸ್ತ್ರದ ಅಳತೆಗೋಲು. ಅದು ಐದರಿಂದ ಒಂದರವರೆಗೆ ಇಳಿಯುತ್ತದೆ. ಒಂದಕ್ಕೆ ಮುಟ್ಟಿತೋ, ಅಣುಯುದ್ಧ; ಆಟ ಅಲ್ಲಿಗೆ ಮುಗಿಯಿತು, ಯಾರ ಸರದಿಯಲ್ಲಿ ಹಾಗಾಯಿತೋ ಅವರು ಸೋತಂತೆ. ಆಯಕಟ್ಟಿನ ದೇಶವೊಂದರಲ್ಲಿ ಸರ್ಕಾರ ಉರುಳಿಸಲು ಕೈಹಾಕಿದಾಗಲೆಲ್ಲ ಅಳತೆ ಒಂದೊಂದು ಮೆಟ್ಟಿಲು ಕೆಳಗಿಳಿಯುತ್ತದೆ. ನಾಲ್ಕಕ್ಕೆ ಬಂದರೆ ಯುರೋಪಿನಲ್ಲಿ ಅಂಥ ಕಿತಾಪತಿಗೆ ಅವಕಾಶವಿಲ್ಲ. ಮೂರಕ್ಕೆ ಬಂದರೆ ಏಷ್ಯದಲ್ಲೂ ಇಲ್ಲ. ಎರಡಕ್ಕೆ ಬಂದರೆ ಪಶ್ಚಿಮ ಏಷ್ಯವೂ ಮುಚ್ಚಿದ ಬಾಗಿಲು. ಉಳಿಯುವುದು ಆಫ್ರಿಕ ಮತ್ತು ಲ್ಯಾಟಿನ್ ಅಮೆರಿಕ. ಅಪಾಯ ಏರಿದಷ್ಟೂ ದೊಡ್ಡವರ ಜಗಳ ಬಡವರ ಅಂಗಳಕ್ಕೆ ಸರಿಯುತ್ತದೆ ಎಂಬುದನ್ನು ಇಷ್ಟು ಸರಳವಾಗಿ ಹೇಳಿದ ಇತಿಹಾಸ ಪುಸ್ತಕಗಳು ಕಡಿಮೆ.

ಇಷ್ಟೆಲ್ಲದರ ನಡುವೆ ಭಾರತ ಎಲ್ಲಿದೆ? ಏಷ್ಯದ ಭಾಗದಲ್ಲಿ ಒಂದು ಚೌಕವಾಗಿ ಇದೆ. ಅದಕ್ಕೆ ಆಯಕಟ್ಟಿನ ದೇಶದ ಪಟ್ಟವಿದೆ. ಸ್ಥಿರತೆಯ ಅಂಕಿ ಮೂರು, ಪಾಕಿಸ್ತಾನದ್ದು ಎರಡು. ಎದುರಾಳಿಗಿಂತ ಮೂರು ಬಿಲ್ಲೆ ಹೆಚ್ಚು ಇಟ್ಟವನಿಗೆ ಭಾರತ ಸೇರಿತು! ಭಾರತ-ಪಾಕ್ ಯುದ್ಧಕ್ಕೂ ಒಂದು ಎಲೆ ಇದೆ. ಯಾರ ಮೇಲೆ ಯಾರು ಏರಿಹೋಗಬೇಕೆಂದು ಆಡುವವನೇ ಆರಿಸಿ ದಾಳ ಹಾಕಬೇಕು. ನೆಹರೂ ಅವರ ಅಲಿಪ್ತ ನೀತಿಗೆ ಮಾತ್ರ ಒಂದು ಎಲೆಯೂ ಇಲ್ಲ. ಇದು ಮರೆವಲ್ಲ. ಶೀತಲ ಸಮರದ ಒಳತರ್ಕವನ್ನು, ಅದು ಸುಳ್ಳೆಂದು ಸಾಬೀತಾದ ಕಡೆಯಲ್ಲೂ, ನಿಜವೆಂದೇ ಒಪ್ಪಿಕೊಂಡು ಆಟ ಕಟ್ಟಿದ್ದೇವೆ ಎಂದು ಅದರ ಕರ್ತೃಗಳೇ ಟಿಪ್ಪಣಿಯಲ್ಲಿ ಹೇಳಿಕೊಂಡಿದ್ದಾರೆ. ಒಂದು ದೇಶ ಬಿದ್ದರೆ ಪಕ್ಕದ್ದೂ ಬೀಳುತ್ತದೆ, ನಮ್ಮ ಕಡೆ ಇಲ್ಲದವನು ಅವರ ಕಡೆ ಎಂಬ ತರ್ಕ ಅದು. ಪ್ರಾಮಾಣಿಕ ಮಾತೇ. ಆದರೆ ಆ ತರ್ಕದಲ್ಲಿ ಜಾಗ ಸಿಗದವರ ಕತೆ ಏನಾಯಿತೆಂದು ಕೇಳಲು ಕರ್ನಾಟಕದ ಓದುಗರಿಗೆ ವಿಶೇಷ ಕಾರಣವಿದೆ.

ಕೊರಿಯಾ ಯುದ್ಧವನ್ನೇ ನೋಡಿ. ಆಟದಲ್ಲಿ ಅದು ಒಂದು ಎಲೆ, ಒಂದು ದಾಳ. ದಕ್ಷಿಣ ಕೊರಿಯಾಕ್ಕೆ ತಾಗಿದ ದೇಶಗಳಲ್ಲಿ ಅಮೆರಿಕದ ಹಿಡಿತವಿದ್ದಷ್ಟೂ ದಾಳದ ಅಂಕಿ ಕಡಿತ. ಆಮೇಲೂ ನಾಲ್ಕು ಅಥವಾ ಹೆಚ್ಚು ಉಳಿದರೆ ಸೋವಿಯತ್ ಬಣಕ್ಕೆ ಗೆಲುವು. ಅರ್ಧ ನಿಮಿಷದ ಕೆಲಸ.

ನಿಜದ ಕೊರಿಯಾ ಯುದ್ಧ 1950ರ ಜೂನ್ 25ರಂದು ಸ್ಫೋಟಿಸಿದಾಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬಿ.ಎನ್. ರಾವ್ ಅವರೇ. ಆ ತಿಂಗಳು ಅಧ್ಯಕ್ಷತೆಯ ಸರದಿ ಭಾರತದ್ದಾಗಿತ್ತು. ಚೀನಾದ ಸ್ಥಾನದ ಪ್ರಶ್ನೆಯ ಮೇಲೆ ಮುನಿಸಿಕೊಂಡು ಸೋವಿಯತ್ ಪ್ರತಿನಿಧಿ ಸಭೆಗೇ ಬರುತ್ತಿರಲಿಲ್ಲ. ಉತ್ತರ ಕೊರಿಯಾ ಹಿಂದೆ ಸರಿಯಬೇಕೆಂಬ ನಿರ್ಣಯಕ್ಕೆ ಭಾರತ ಒಪ್ಪಿಗೆ ಕೊಟ್ಟಿತು. ಯುದ್ಧಕ್ಕೆ ಸೈನಿಕರನ್ನು ಮಾತ್ರ ಕಳಿಸಲಿಲ್ಲ. ಕಳಿಸಿದ್ದು ಪ್ಯಾರಾ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯಕೀಯ ಪಡೆಯನ್ನು. ಅದೇ ವರ್ಷದ ಡಿಸೆಂಬರಿನಲ್ಲಿ ಕದನವಿರಾಮದ ದಾರಿ ಹುಡುಕಲು ವಿಶ್ವಸಂಸ್ಥೆ ನೇಮಿಸಿದ ಮೂವರ ತಂಡದಲ್ಲಿ ಇರಾನಿನ ಎಂತೆಜಾಮ್, ಕೆನಡದ ಲೆಸ್ಟರ್ ಪಿಯರ್ಸನ್ ಜೊತೆಗೆ ರಾವ್ ಕೂಡ ಇದ್ದರು. ಆ ಪ್ರಯತ್ನ ಫಲಿಸಲಿಲ್ಲ. ಅಂದಹಾಗೆ ‘ಟ್ವೈಲೈಟ್ ಸ್ಟ್ರಗಲ್’ನಲ್ಲಿ ವಿಶ್ವಸಂಸ್ಥೆಯ ಮಧ್ಯಪ್ರವೇಶಕ್ಕೂ ಒಂದು ಎಲೆ ಉಂಟು. ಅದರ ಉಪಯೋಗ, ಎದುರಾಳಿಯ ಘಟನೆಯನ್ನು ರದ್ದುಗೊಳಿಸಿ ಅಂಕಿಯನ್ನು ತಾನು ಬಳಸಿಕೊಳ್ಳುವುದು!

ಯುದ್ಧ ಮೂರು ವರ್ಷ ಎಳೆಯಿತು. ಕೊನೆಗೆ ಸಂಧಾನ ತಗಲಿಕೊಂಡದ್ದು ನೆಲದ ಗೆರೆಗಿಂತ ಹೆಚ್ಚಾಗಿ ಕೈದಿಗಳ ಪ್ರಶ್ನೆಗೆ. ಅಮೆರಿಕದ ಕಡೆ ಸೆರೆಯಲ್ಲಿದ್ದ ಸಾವಿರಾರು ಚೀನೀಯರು, ಉತ್ತರ ಕೊರಿಯನ್ನರು ತಾಯ್ನಾಡಿಗೆ ಹೋಗಲೊಲ್ಲೆವೆಂದರು. ಇವರೆಲ್ಲ ತಮ್ಮ ಪ್ರಜೆಗಳು, ಒಪ್ಪಿಸಲೇಬೇಕು ಎಂದು ಆ ಬಣ. ಬಲವಂತವಾಗಿ ಕಳಿಸೆವು ಎಂದು ಈ ಬಣ. ಇಂಥ ಗಂಟನ್ನು ಬಿಚ್ಚಲು ಎರಡು ಬಣಕ್ಕೂ ಸೇರದ ಮೂರನೆಯವರು ಬೇಕಾಯಿತು. ಭಾರತದ ಅಧ್ಯಕ್ಷತೆಯಲ್ಲಿ ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯ ಸೇರಿದ ತಟಸ್ಥ ರಾಷ್ಟ್ರಗಳ ಆಯೋಗ ರಚನೆಯಾಯಿತು. 1953ರಲ್ಲಿ ಅದರ ಅಧ್ಯಕ್ಷರಾಗಿ ಹೋದವರು ಮಡಿಕೇರಿಯ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ.

ಎರಡು ಒಂದು ಕಡೆ, ಎರಡು ಇನ್ನೊಂದು ಕಡೆ ವಾಲುವ ಆಯೋಗದಲ್ಲಿ ಐದನೆಯ ಮತ ತಿಮ್ಮಯ್ಯನವರದು. ಅವರ ಜೊತೆ ಸುಮಾರು ಆರು ಸಾವಿರ ಭಾರತೀಯ ಸೈನಿಕರ ಕಾವಲು ಪಡೆ ಇತ್ತು. ಅದರ ನಾಯಕರು ಮೇಜರ್ ಜನರಲ್ ಥೋರಟ್. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತದ ಸೈನಿಕರು ತಮ್ಮ ನೆಲದ ಮೇಲೆ ಕಾಲಿಡಕೂಡದೆಂದು ಹಟ ಹಿಡಿದದ್ದರಿಂದ ಅವರನ್ನು ಹಡಗಿನಿಂದಲೇ ಹೆಲಿಕಾಪ್ಟರುಗಳಲ್ಲಿ ಎತ್ತಿ ನಿಸ್ಸೇನಾ ವಲಯಕ್ಕೆ ಇಳಿಸಬೇಕಾಯಿತು. ಅಲ್ಲಿ ಕೈಗೆ ಬಂದವರು 22 ಸಾವಿರಕ್ಕೂ ಹೆಚ್ಚು ಕೈದಿಗಳು. ಅವರನ್ನು ಡೇರೆಗಳಿಗೆ ಕರೆತಂದು, ಮನೆಗೆ ಮರಳುವಂತೆ ಅವರವರ ದೇಶದ ಪ್ರತಿನಿಧಿಗಳು ತಿಳಿಹೇಳಲು ಅವಕಾಶ ಕೊಡಬೇಕಿತ್ತು. ಮಾತು ಮುಗಿದ ಮೇಲೆ ಕೈದಿಯ ಮುಂದೆ ಎರಡು ಬಾಗಿಲು. ಒಂದು ಮನೆಗೆ, ಇನ್ನೊಂದು ಮತ್ತೆ ಶಿಬಿರಕ್ಕೆ.

ಶಿಬಿರಗಳ ಒಳಗೆ ಕೈದಿಗಳದೇ ಗುಂಪು ನಾಯಕರ ದರ್ಬಾರು ನಡೆದಿತ್ತು. ಡೇರೆಗೆ ಬರುವುದಿಲ್ಲವೆಂದು ಇಡೀ ಗುಂಪುಗಳೇ ಕುಳಿತುಬಿಟ್ಟವು. ಬಂದೂಕು ತೋರಿಸಿ ಎಳೆತನ್ನಿ ಎಂದು ಒಂದು ಕಡೆಯ ಒತ್ತಾಯ. ಮುಟ್ಟಿದರೆ ನೋಡಿ ಎಂದು ಇನ್ನೊಂದು ಕಡೆಯ ಗದರಿಕೆ. ಕೈದಿಗಳ ಮೇಲೆ ಬಲ ಪ್ರಯೋಗಿಸಿ ಡೇರೆಗೆ ತರಲು ತಿಮ್ಮಯ್ಯ ಒಪ್ಪಲಿಲ್ಲ. ಗಡುವು ಡಿಸೆಂಬರ್ 23ಕ್ಕೆ ಮುಗಿದಾಗ ಬಹುಪಾಲು ಕೈದಿಗಳು ಡೇರೆಯನ್ನು ನೋಡಿಯೇ ಇರಲಿಲ್ಲ. 1954ರ ಜನವರಿಯಲ್ಲಿ ಅವರನ್ನು ಮೊದಲು ಹಿಡಿದಿಟ್ಟಿದ್ದವರಿಗೇ ಹಿಂದಿರುಗಿಸಲಾಯಿತು. ಪೂರ್ಣ ಯಶಸ್ಸೆಂದು ಇದನ್ನು ಯಾರೂ ಹೇಳಲಾರರು. ಎರಡು ಬಣಗಳೂ ಭಾರತವನ್ನು ದೂರಿದವು. ಆದರೆ ಕದನವಿರಾಮ ಮುರಿಯಲಿಲ್ಲ, ಕೈದಿಗಳ ಹೆಸರಿನಲ್ಲಿ ಮತ್ತೆ ಯುದ್ಧ ಹೊತ್ತಿಕೊಳ್ಳಲಿಲ್ಲ. ಮೂರನೆಯವರ ಕೆಲಸವನ್ನು ಅಳೆಯಬೇಕಾದದ್ದು ಈ ಗೋಲಿನಿಂದ. ಗೆದ್ದ ಅಂಕಗಳನ್ನಷ್ಟೇ ಎಣಿಸುವ ಹಲಗೆಯ ಮೇಲೆ ಅದನ್ನು ಬರೆದಿಡಲು ಜಾಗವಿಲ್ಲ.

ಇನ್ನೊಂದು ಸೋಜಿಗದ ಲೆಕ್ಕವಿದೆ. ಆ ಕಡೆಯೂ ಬೇಡ, ಈ ಕಡೆಯೂ ಬೇಡ ಎಂದ 88 ಮಂದಿ ಭಾರತೀಯ ಪಡೆಯ ಜೊತೆಯಲ್ಲೇ ಹಡಗು ಹತ್ತಿ ಭಾರತಕ್ಕೆ ಬಂದರು. ಹೆಚ್ಚಿನವರು ಕೊರಿಯನ್ನರು, ಹನ್ನೆರಡು ಮಂದಿ ಚೀನೀಯರು. ಅವರಲ್ಲಿ ಹಲವರು ಮುಂದೆ ಬ್ರೆಜಿಲ್, ಅರ್ಜೆಂಟೀನಗಳಿಗೆ ಹೋದರು. ಕೆಲವರು ಇಲ್ಲೇ ಉಳಿದರು.

ರಾವ್ 1953ರ ನವೆಂಬರಿನಲ್ಲಿ, ತಿಮ್ಮಯ್ಯ ಕೊರಿಯಾದಲ್ಲಿದ್ದಾಗಲೇ, ಜ್ಯೂರಿಕ್‌ನಲ್ಲಿ ತೀರಿಕೊಂಡರು. ಆಗ ಅವರು ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರು. ತಿಮ್ಮಯ್ಯ 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿ ನಿವೃತ್ತರಾದರು. 1964ರಲ್ಲಿ ವಿಶ್ವಸಂಸ್ಥೆ ಮತ್ತೆ ಕರೆಯಿತು, ಈ ಸಲ ಗ್ರೀಕರೂ ತುರ್ಕರೂ ಬಡಿದಾಡುತ್ತಿದ್ದ ಸೈಪ್ರಸ್ ದ್ವೀಪದ ಶಾಂತಿಪಾಲನಾ ಪಡೆಗೆ. 1965ರ ಡಿಸೆಂಬರ್ 18ರಂದು ಅಲ್ಲಿಯೇ ಕರ್ತವ್ಯದಲ್ಲಿದ್ದಾಗ ನಿಧನರಾದರು. ಮರುವರ್ಷ ಸೈಪ್ರಸ್ ಸರ್ಕಾರ ಅವರ ನೆನಪಿಗೆ ಅಂಚೆ ಚೀಟಿ ಹೊರಡಿಸಿತು. ಕೊರಿಯಾದ ಅನುಭವವನ್ನು ಅವರು ಬರೆದಿಟ್ಟ ಪುಸ್ತಕ ಅಚ್ಚಾದದ್ದು 1981ರಲ್ಲಿ. ಮಡಿಕೇರಿಯ ಅವರ ಮನೆ ‘ಸನ್ನಿಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ.

‘ಟ್ವೈಲೈಟ್ ಸ್ಟ್ರಗಲ್’ನ ಭೂಪಟದಲ್ಲಿ ಗ್ರೀಸ್ ಇದೆ, ಟರ್ಕಿ ಇದೆ. ಸೈಪ್ರಸ್ಸಿಗೆ ಚೌಕವಿಲ್ಲ.