ರೂಟರ್ ಹಿಂದೆ ಫಾಯಿಲ್ ಇಟ್ಟರೆ ತೋಟದ ಶೆಡ್‌ಗೂ ವೈಫೈ ತಲುಪುತ್ತದೆಯೇ?

“ರೂಟರ್ ಹಿಂದೆ ಅಲ್ಯೂಮಿನಿಯಂ ಫಾಯಿಲ್ ಇಡಿ, ವೈಫೈ ಎರಡು ಪಟ್ಟು ದೂರ ಹೋಗುತ್ತದೆ.” “ಈ ಆಪ್ ಹಾಕಿಕೊಳ್ಳಿ, ಸಿಗ್ನಲ್ ಫುಲ್.” “ಸಿಗ್ನಲ್ ಬಾರದ ಕಡೆ ಒಂದು ಬೂಸ್ಟರ್ ಸಿಕ್ಕಿಸಿ, ಸಾಕು.” ಇಂಥ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತಲೇ ಇರುತ್ತವೆ.

ಮಾವಿಗೆ ಹೆಸರಾದ ಶ್ರೀನಿವಾಸಪುರದಂಥ ಕಡೆ ಇದು ಬರೀ ಕುತೂಹಲದ ವಿಷಯವಲ್ಲ. ಇಂಟರ್ನೆಟ್ ಸಂಪರ್ಕ ಬರುವುದು ಮನೆಗೆ. ಆದರೆ ಅದು ಬೇಕಾಗುವುದು ಮನೆಯಾಚೆಗಿನ ಕಟ್ಟಡಕ್ಕೂ: ದನದ ಕೊಟ್ಟಿಗೆಗೆ, ರೇಷ್ಮೆ ಹುಳು ಸಾಕುವ ಮನೆಗೆ, ಕೊಯ್ದ ಮಾವು ರಾಶಿ ಹಾಕಿದ ಶೆಡ್‌ಗೆ. ರಾತ್ರಿ ಹೊತ್ತು ಶೆಡ್ಡಿನ ಕ್ಯಾಮೆರಾಗೆ ಸಂಪರ್ಕ ತಪ್ಪಿದರೆ ಕಾವಲಿದ್ದೂ ಇಲ್ಲದಂತೆ. ಹಾಗಾದರೆ ಈ ಸಂದೇಶಗಳಲ್ಲಿ ಯಾವುದು ನಿಜ?

ಸಿಗ್ನಲ್ ಕಡಿಮೆಯಾಗುವುದು ಏಕೆ?

ವೈಫೈ ಎಂದರೆ ರೇಡಿಯೋ ತರಂಗ. ಮನೆಯ ರೂಟರ್ ಹೊರಸೂಸುವ ಶಕ್ತಿ ಸಾಮಾನ್ಯವಾಗಿ 0.1 ವ್ಯಾಟ್‌ನ ಆಸುಪಾಸು. ಬಯಲಿನಲ್ಲೇ ಆದರೂ ದೂರ ಎರಡು ಪಟ್ಟಾದರೆ ತಲುಪುವ ಶಕ್ತಿ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ದಪ್ಪನೆಯ ಕಲ್ಲಿನ ಗೋಡೆ, ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್ ಅದನ್ನು ಇನ್ನಷ್ಟು ತಡೆಯುತ್ತವೆ. ಜಿಂಕ್ ಶೀಟ್ ತರಂಗವನ್ನು ಕನ್ನಡಿಯಂತೆ ವಾಪಸ್ ಕಳಿಸುತ್ತದೆ. ಎಲೆಗಳಲ್ಲಿರುವ ನೀರು ತರಂಗವನ್ನು ಹೀರುತ್ತದೆ. ಮಾವು ವರ್ಷವಿಡೀ ಎಲೆ ತುಂಬಿಕೊಂಡಿರುವ ಮರ, ಹಾಗಾಗಿ ನಡುವೆ ತೋಪಿದ್ದರೆ ಅಡ್ಡಿ ಎಲ್ಲ ಕಾಲದಲ್ಲೂ ಇರುತ್ತದೆ.

ಇನ್ನೊಂದು ಮಾತು. ವೈಫೈ ಒಂದು ಕಡೆಯಿಂದ ಕೂಗುವ ಮೈಕ್ ಅಲ್ಲ, ಇಬ್ಬರ ಮಾತುಕತೆ. ರೂಟರ್ ಮಾತು ಫೋನಿಗೆ ಕೇಳಿಸಿದರೆ ಸಾಲದು, ಫೋನಿನ ಉತ್ತರವೂ ರೂಟರ್‌ಗೆ ತಲುಪಬೇಕು. ಕಡ್ಡಿಗಳು ಕಾಣಿಸುತ್ತಿದ್ದರೂ ವಿಡಿಯೋ ಸುತ್ತುತ್ತಲೇ ಇರುವುದಕ್ಕೆ ಇದೂ ಒಂದು ಕಾರಣ.

ಹೇಳಿಕೆ 1: ಫಾಯಿಲ್ ಇಟ್ಟರೆ ದೂರ ಹೋಗುತ್ತದೆ

ಅರ್ಧ ಸತ್ಯ. ಲೋಹ ತರಂಗವನ್ನು ಪ್ರತಿಫಲಿಸುವುದು ನಿಜ. 2017ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಸಂಶೋಧಕರು, ಲೆಕ್ಕ ಹಾಕಿ ರೂಪಿಸಿದ ಪ್ರತಿಫಲಕಕ್ಕೆ ಲೋಹದ ಹಾಳೆ ಹೊದಿಸಿ ರೂಟರ್ ಬಳಿ ಇಟ್ಟು, ಬೇಕಾದ ಕಡೆ ಸಿಗ್ನಲ್ ಹೆಚ್ಚಿಸಿ ಬೇಡವಾದ ಕಡೆ ತಗ್ಗಿಸಬಹುದು ಎಂದು ತೋರಿಸಿದರು. ಆದರೆ ಆ ಪ್ರಯೋಗ ನಡೆದದ್ದು ಕಟ್ಟಡದ ಒಳಗೆ. ಫಾಯಿಲ್ ಹೊಸ ಶಕ್ತಿ ಕೊಡುವುದಿಲ್ಲ. ಒಂದು ದಿಕ್ಕಿನಿಂದ ತೆಗೆದು ಇನ್ನೊಂದಕ್ಕೆ ಕೊಡುತ್ತದೆ, ಅಷ್ಟೇ. ಅಂದಾಜಿನಲ್ಲಿ ಮಡಚಿಟ್ಟರೆ ಶೆಡ್‌ಗೆ ವೈಫೈ ಬರುವ ಬದಲು ಅಡುಗೆಮನೆಯಲ್ಲೂ ಹೋದೀತು.

ಹೇಳಿಕೆ 2: ಆಪ್ ಹಾಕಿದರೆ ಸಿಗ್ನಲ್ ಹೆಚ್ಚುತ್ತದೆ

ಸುಳ್ಳು. ಫೋನಿನ ಆಂಟೆನಾವನ್ನಾಗಲೀ ಕಲ್ಲಿನ ಗೋಡೆಯನ್ನಾಗಲೀ ಯಾವ ಆಪ್ ಕೂಡ ಬದಲಿಸಲಾರದು. ಎಲ್ಲಿ ಸಿಗ್ನಲ್ ಎಷ್ಟಿದೆ ಎಂದು ಅಳೆದು ತೋರಿಸುವ ಆಪ್‌ಗಳಿವೆ, ಅವು ಉಪಯುಕ್ತ. ಆದರೆ ‘ಬೂಸ್ಟ್’ ಮಾಡುತ್ತೇನೆಂದು ನಿಮ್ಮ ಕಾಂಟ್ಯಾಕ್ಟ್, ಎಸ್ಎಂಎಸ್ ನೋಡಲು ಅನುಮತಿ ಕೇಳುವ ಆಪ್ ಕಂಡರೆ ದೂರವಿರಿ.

ಹೇಳಿಕೆ 3: ಸಿಗ್ನಲ್ ಬಾರದ ಕಡೆ ಬೂಸ್ಟರ್ ಸಿಕ್ಕಿಸಿ

ತಪ್ಪು ದಾರಿ. ಬೂಸ್ಟರ್ ಎಂದು ಮಾರುವುದು ಹೆಚ್ಚಾಗಿ ರಿಪೀಟರ್. ಅದು ಕೇಳಿಸಿಕೊಂಡದ್ದನ್ನು ಮತ್ತೆ ಹೇಳುತ್ತದೆ. ಶೆಡ್ಡಿನಲ್ಲಿ ಸಿಗ್ನಲ್ಲೇ ಇಲ್ಲದಿದ್ದರೆ ಅಲ್ಲಿಟ್ಟ ರಿಪೀಟರ್ ಹೇಳುವುದಾದರೂ ಏನನ್ನು? ಅದನ್ನು ಸಿಗ್ನಲ್ ಇನ್ನೂ ಚೆನ್ನಾಗಿರುವ ಜಾಗದಲ್ಲಿ, ಅಂದರೆ ಶೆಡ್ಡಿನ ಕಡೆಗಿರುವ ಕಿಟಕಿಯ ಬಳಿ ಇಡಬೇಕು. ಒಂದೇ ಬ್ಯಾಂಡಿನ ರಿಪೀಟರ್ ಕೇಳುವುದಕ್ಕೂ ಹೇಳುವುದಕ್ಕೂ ಸಮಯ ಹಂಚಿಕೊಳ್ಳುವುದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಇದರ ಜೊತೆ ಮೊಬೈಲ್ ನೆಟ್‌ವರ್ಕ್ ಬೂಸ್ಟರನ್ನು ಗೊಂದಲ ಮಾಡಿಕೊಳ್ಳಬೇಡಿ. ಮೊಬೈಲ್ ಟವರಿನ ಸಿಗ್ನಲ್ ಹೆಚ್ಚಿಸುವ ಆ ಯಂತ್ರವನ್ನು ಅನುಮತಿಯಿಲ್ಲದೆ ಹಾಕುವುದು ಭಾರತದಲ್ಲಿ ಕಾನೂನುಬಾಹಿರ. ಅದು ಸುತ್ತಮುತ್ತಲಿನವರ ಕರೆಗಳನ್ನೂ ಕೆಡಿಸಬಹುದು.

ಹಾಗಾದರೆ ಏನು ಮಾಡಬೇಕು?

*ಅಂಗಳದಾಚೆಯ ಕೊಟ್ಟಿಗೆಯಾದರೆ:* ಮೊದಲು ಖರ್ಚಿಲ್ಲದ ಕೆಲಸ. ರೂಟರನ್ನು ಟಿವಿ ಹಿಂದಿನಿಂದ ತೆಗೆದು ಕೊಟ್ಟಿಗೆ ಕಡೆಯ ಕಿಟಕಿ ಬಳಿ ಎತ್ತರದಲ್ಲಿಡಿ. 5 ಗಿಗಾಹರ್ಟ್ಸ್ ಬದಲು 2.4 ಗಿಗಾಹರ್ಟ್ಸ್ ಆರಿಸಿ. ಅದರ ವೇಗ ಕಡಿಮೆ, ಆದರೆ ಗೋಡೆ ದಾಟುವುದರಲ್ಲಿ ಅದೇ ಮೇಲು.

*100 ಮೀಟರ್ ಒಳಗಾದರೆ:* ಪೈಪಿನೊಳಗೆ ನೆಲದಡಿ ಕೇಬಲ್ ಎಳೆದು, ಆ ತುದಿಯಲ್ಲಿ ಇನ್ನೊಂದು ವೈಫೈ ಪಾಯಿಂಟ್ ಇಡುವುದು ಎಲ್ಲಕ್ಕಿಂತ ನಂಬಿಕಸ್ಥ ದಾರಿ. ತಾಮ್ರದ ನೆಟ್‌ವರ್ಕ್ ಕೇಬಲ್‌ನ ಮಿತಿಯೇ 100 ಮೀಟರ್.

*ಅದಕ್ಕೂ ದೂರವಾದರೆ:* ಒಂದನ್ನೊಂದು ನೋಡುವಂತೆ ಕಟ್ಟುವ ಹೊರಾಂಗಣ ವೈಫೈ ಜೋಡಿ. ಟಾರ್ಚಿನ ಬೆಳಕಿನಂತೆ ಇವು ತರಂಗವನ್ನು ಒಂದೇ ದಿಕ್ಕಿಗೆ ಬಿಡುತ್ತವೆ. ಮನೆಯ ಮಾಳಿಗೆ ಮೇಲೆ ನಿಂತರೆ ಶೆಡ್ಡಿನ ಸೂರು ಕಾಣಬೇಕು, ನಡುವೆ ಮರ ಅಡ್ಡ ಬರಬಾರದು. 2007ರಲ್ಲಿ ವೆನೆಜುವೆಲಾದಲ್ಲಿ ದೊಡ್ಡ ಆಂಟೆನಾ ಮತ್ತು ಬದಲಿಸಿದ ಸಾಫ್ಟ್‌ವೇರ್ ಬಳಸಿ, ಬೆಟ್ಟದಿಂದ ಬೆಟ್ಟಕ್ಕೆ ವೈಫೈಯನ್ನು 382 ಕಿ.ಮೀ. ದಾಟಿಸಿದ್ದಾರೆ. ನಮ್ಮಲ್ಲೇ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಜನಸ್ತು ಸಂಸ್ಥೆ ಊರಿನವರದೇ ಆದ ವೈಫೈ ಜಾಲ ಕಟ್ಟುವ ಕೆಲಸ ಮಾಡಿದೆ. ನಿಗದಿತ ಶಕ್ತಿಯ ಮಿತಿಯೊಳಗೆ 2.4 ಗಿಗಾಹರ್ಟ್ಸ್ ಬಳಕೆಗೆ 2005ರಿಂದ, ಹೊರಾಂಗಣವೂ ಸೇರಿದಂತೆ 5 ಗಿಗಾಹರ್ಟ್ಸ್‌ಗೆ 2018ರಿಂದ ಪ್ರತ್ಯೇಕ ಲೈಸೆನ್ಸ್ ಬೇಕಿಲ್ಲ.

ಮಿಂಚು ಮರೆಯಬೇಡಿ

ತಾಮ್ರದ ಕೇಬಲನ್ನು ಮರದಿಂದ ಮರಕ್ಕೆ ಕಟ್ಟಿಕೊಂಡು ಹೋಗುವುದು, ವಿದ್ಯುತ್ ಕಂಬಕ್ಕೆ ಬಿಗಿಯುವುದು, ಕರೆಂಟ್ ವೈರಿನ ಪೈಪಿನಲ್ಲೇ ತೂರಿಸುವುದು ಅಪಾಯ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರ ಎಲ್ಲೋ ಸಿಡಿಲು ಬಡಿದರೂ, ಆ ಕೇಬಲ್ ಮೂಲಕ ಹೈ ವೋಲ್ಟೇಜ್ ಎರಡೂ ಕಟ್ಟಡಗಳಿಗೆ ನುಗ್ಗಬಹುದು. ಹೋಗುವುದು ರೂಟರ್ ಮಾತ್ರವಲ್ಲ, ಅದನ್ನು ಮುಟ್ಟಿದವರಿಗೂ ಶಾಕ್ ತಗಲಬಹುದು. ಲೋಹದ ತಂತಿಯಿಲ್ಲದ ಫೈಬರ್ ಕೇಬಲ್ ವಿದ್ಯುತ್ ಹರಿಸುವುದಿಲ್ಲ, ದೂರದ ಮಿತಿಯೂ ಅದಕ್ಕೆ ಅಷ್ಟಿಲ್ಲ. ಬೇರೆ ಕಟ್ಟಡಕ್ಕೆ ಎಳೆಯುವುದಾದರೆ ಅದೇ ಒಳ್ಳೆಯದು. ಮಾಳಿಗೆ ಮೇಲೆ ಹೊರಾಂಗಣ ಆಂಟೆನಾ ಹಾಕಿಸುವಾಗ ಎಲೆಕ್ಟ್ರಿಷಿಯನ್ ಕೈಲಿ ಸರಿಯಾದ ಅರ್ತಿಂಗ್ ಮಾಡಿಸಿ.

ಒಟ್ಟಾರೆ: ಮನೆಗೂ ಶೆಡ್‌ಗೂ ನಡುವೆ ಎಷ್ಟು ದೂರ, ಏನು ಅಡ್ಡ ಇದೆ ಎಂದು ಕೇಳದೆ ಉಪಾಯ ಹೇಳುವ ಸಂದೇಶವನ್ನು ಫಾರ್ವರ್ಡ್ ಮಾಡಬೇಡಿ. ಫೋನ್ ಹಿಡಿದು ಮನೆಯಿಂದ ಶೆಡ್ಡಿನವರೆಗೆ ಒಮ್ಮೆ ನಡೆಯಿರಿ. ಸಿಗ್ನಲ್ ಎಲ್ಲಿ ನಿಲ್ಲುತ್ತದೋ ನೋಡಿ, ಆಮೇಲೆ ದುಡ್ಡು ಹಾಕಿ.