ಲಿವರ್ ಕಸಿಯಾದವರಿಗೆ ನೊರೆಹಾಲು ಬೇಡ

ಬಸರಾಳು ಭಾಗದ ಡೇರಿ ಅಕ್ಕತಂಗಿಯರೇ, ಲಿವರ್ ಕಸಿ ಮಾಡಿಸಿಕೊಂಡು ಬೆಂಗಳೂರಿನಿಂದ ಊರಿಗೆ ಬಂದವರಿಗೆ ‘ಶಕ್ತಿ ಬರಲಿ’ ಅಂತ ಒಂದು ಲೋಟ ನೊರೆಹಾಲು ಕೊಡೋಣ ಅನ್ನಿಸುತ್ತೆ. ಕೊಡಲೇಬೇಡಿ.

ನಮ್ಮ ರಾಜ್ಯದಲ್ಲಿ ಅಂಗದಾನದ ಸರದಿ ನೋಡಿಕೊಳ್ಳುವುದು ಜೀವಸಾರ್ಥಕತೆ. ಹಾಗೆ ಕಾದು ಪಡೆದ ಲಿವರನ್ನು ದೇಹ ಹೊರಗಿನದೆಂದು ತಿಳಿದು ತಿರಸ್ಕರಿಸದಿರಲಿ ಎಂದು ಟ್ಯಾಕ್ರೊಲಿಮಸ್‌ನಂಥ ಮಾತ್ರೆ ಕೊಡುತ್ತಾರೆ. ಅದು ರೋಗ ತಡೆಯುವ ಶಕ್ತಿಯನ್ನೇ ತಗ್ಗಿಸುತ್ತದೆ. ಮೊದಲ ತಿಂಗಳು ಗಾಯ, ಪಿತ್ತನಾಳ, ಶ್ವಾಸಕೋಶ, ರಕ್ತದಲ್ಲಿ ಬ್ಯಾಕ್ಟೀರಿಯಾ ಸೋಂಕಿನ ಭಯ ಹೆಚ್ಚು. ಆಮೇಲೂ ಅದು ಪೂರ್ತಿ ಹೋಗುವುದಿಲ್ಲ.

ಹಸಿ ಹಾಲಿನಲ್ಲಿ ಬ್ರುಸೆಲ್ಲಾ, ಲಿಸ್ಟೀರಿಯಾ ಇರಬಹುದು. ಲಿಸ್ಟೀರಿಯಾ ಫ್ರಿಜ್ಜಿನಲ್ಲೂ ಬೆಳೆಯುತ್ತದೆ, ಹಾಗಾಗಿ ‘ತಣ್ಣಗೆ ಇಟ್ಟಿದ್ದೆನಲ್ಲ’ ಎಂಬ ಮಾತು ನಡೆಯದು. ಡೇರಿಯಲ್ಲಿ 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಕಾಯಿಸುತ್ತಾರೆ. ಮನೆಯಲ್ಲಿ ಚೆನ್ನಾಗಿ ಉಕ್ಕಿಸಿ ಕೊಡಿ. ಮೊಸರಿಗೂ ಕಾಯಿಸಿದ ಹಾಲೇ ಆಗಬೇಕು.

ಕೊಟ್ಟಿಗೆ ಕೆಲಸ ಬೇರೆಯವರು ಮಾಡಲಿ. ಕಂದು ಹಾಕಿದ ಹಸುವಿನ ಹತ್ತಿರವಂತೂ ಅವರು ಸುಳಿಯಬಾರದು. ಬಿದ್ದ ಮಾಸು, ಸತ್ತ ಕರುವನ್ನು ನೀವೂ ಬರಿಗೈಯಲ್ಲಿ ಮುಟ್ಟಬೇಡಿ, ಸುಣ್ಣ ಹಾಕಿ ಆಳವಾಗಿ ಹೂಳಿ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಬ್ರುಸೆಲ್ಲಾ ಲಸಿಕೆ ಹಾಕಿಸಿ.

ಚಳಿಜ್ವರ, ಗಾಯದಲ್ಲಿ ಕೀವು, ಹಳದಿ ಕಣ್ಣು ಕಂಡರೆ ಕಸಿ ಮಾಡಿದ ಆಸ್ಪತ್ರೆಗೆ ಅಂದೇ ಫೋನ್ ಮಾಡಿ. ಸೋಂಕಿದ್ದರೂ ಇವರಿಗೆ ಜ್ವರ ಜೋರಾಗಿ ಬಾರದಿರಬಹುದು. ಸುಸ್ತಾಗಿ ಮಂಕಾದರೂ ಸಾಕು, ಕೇಳಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಅಂಗಡಿಯಿಂದ ಆಂಟಿಬಯೋಟಿಕ್ ತಂದು ಕೊಡಲೂಬೇಡಿ, ಕೆಲವು ರಕ್ತದಲ್ಲಿ ಟ್ಯಾಕ್ರೊಲಿಮಸ್ ಮಟ್ಟವನ್ನೇ ಏರುಪೇರು ಮಾಡುತ್ತವೆ.