ತಪ್ಪುತ್ತರವನ್ನು ಓದಬಲ್ಲವರು

ಮಕ್ಕಳಿಗೆ ಉಚಿತ ಹಾಗೂ ಕಡ್ಡಾಯ ಶಿಕ್ಷಣದ ಹಕ್ಕನ್ನು ದೊರಕಿಸಿದ 2009ರ ಶಾಸನವು, ಶಾಲೆಯ ಕಟ್ಟಡ, ಶೌಚಾಲಯ, ಆಟದ ಬಯಲುಗಳನ್ನು ಕುರಿತು ನಿಯಮ ವಿಧಿಸಿದಂತೆಯೇ ಉಪಾಧ್ಯಾಯರಾಗ ಬಯಸುವವರ ಕನಿಷ್ಠ ಅರ್ಹತೆಯನ್ನು ಕುರಿತೂ ಚಿಂತಿಸಿತು. ಅದರ ಬಲದಿಂದ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2010ರ ಆಗಸ್ಟಿನಲ್ಲಿ ಹೊರಡಿಸಿದ ಅಧಿಸೂಚನೆಯ ಫಲವೇ, ಇಂದು ನಮ್ಮ ಡಿ.ಎಡ್., ಬಿ.ಎಡ್. ಮುಗಿಸಿದ ತರುಣ ತರುಣಿಯರ ನಿದ್ದೆಗೆಡಿಸುತ್ತಿರುವ ಶಿಕ್ಷಕರ ಅರ್ಹತಾ ಪರೀಕ್ಷೆ, ಅರ್ಥಾತ್ ಟಿಇಟಿ. ನೂರೈವತ್ತು ಪ್ರಶ್ನೆ, ನೂರೈವತ್ತು ಅಂಕ. ಸಾಮಾನ್ಯ ವರ್ಗದವರು ಶೇಕಡಾ 60 ಗಳಿಸಿದರೆ ಅರ್ಹರು. ಪದವಿಪತ್ರವೊಂದೇ ಯೋಗ್ಯತೆಗೆ ಪ್ರಮಾಣವೆನಿಸಿದ್ದ ಕಾಲಕ್ಕೆ ಹೋಲಿಸಿದರೆ ಇದು ಉಪಕಾರವೇ ಸರಿ. ತಾನು ಕಲಿಸಬೇಕಾದ ಭಿನ್ನರಾಶಿಯನ್ನು ತಾನೇ ಅರಿಯದವನು ಬಾಗಿಲಲ್ಲೇ ನಿಲ್ಲುವುದರಿಂದ ಯಾರಿಗೂ ನಷ್ಟವಿಲ್ಲ.

ಆದರೆ ವಿಷಯಜ್ಞಾನವೇ ಬೋಧನಸಾಮರ್ಥ್ಯವಲ್ಲ. ಐವತ್ತೆರಡರಲ್ಲಿ ಇಪ್ಪತ್ತೇಳನ್ನು ಕಳೆದು ಮೂವತ್ತೈದೆಂದು ಬರೆದ ಬಾಲಕಿಯೊಬ್ಬಳ ಪಾಟಿಯನ್ನು ನೋಡಿ. ಎರಡರಲ್ಲಿ ಏಳು ಹೋಗದೆಂದು ಕಂಡ ಅವಳು, ಏಳರಲ್ಲಿ ಎರಡನ್ನು ಕಳೆದು ಐದೆಂದು ಬರೆದು, ಹತ್ತರ ಸ್ಥಾನದಲ್ಲಿ ಯಥಾವಿಧಿ ಮೂರನ್ನಿಟ್ಟಿದ್ದಾಳೆ. ಇದು ಅಜಾಗರೂಕತೆಯಲ್ಲ, ತಾನೇ ಕಲ್ಪಿಸಿಕೊಂಡ ನಿಯಮವೊಂದರ ನಿಷ್ಠಾವಂತ ಪಾಲನೆ. ಕೆಂಪು ಶಾಯಿಯಿಂದ ಅಡ್ಡಗೆರೆ ಎಳೆಯುವ ಉಪಾಧ್ಯಾಯನಿಗೂ, ಆ ನಿಯಮವನ್ನು ಪತ್ತೆಹಚ್ಚಿ, ಹತ್ತು ಕಡ್ಡಿಗಳ ಕಟ್ಟೊಂದನ್ನು ಅವಳ ಕೈಗಿತ್ತು ಬಿಚ್ಚಿಸುವ ಉಪಾಧ್ಯಾಯನಿಗೂ ಇರತಕ್ಕ ಅಂತರವನ್ನು ಅಳೆಯುವುದೇ ನಿಜವಾದ ಪರೀಕ್ಷೆ. ಅಮೆರಿಕದ ವಿದ್ವಾಂಸ ಲೀ ಷುಲ್ಮನ್ 1986ರಷ್ಟು ಹಿಂದೆಯೇ, ವಿಷಯವನ್ನು ಬಲ್ಲ ಜ್ಞಾನ ಬೇರೆ, ಅದನ್ನು ಕಲಿಸಬಲ್ಲ ಜ್ಞಾನ ಬೇರೆ ಎಂದು ವಿಂಗಡಿಸಿ ತೋರಿದ್ದರು. ಈ ಎರಡನೆಯದನ್ನು ನಾಲ್ಕು ಆಯ್ಕೆಗಳ ಪ್ರಶ್ನೆಯಾಗಿ ಕೇಳಲಾಗದೆಂದಲ್ಲ. ಆದರೆ ಸರಿಯುತ್ತರವು ಕಣ್ಣೆದುರೇ ಅಚ್ಚಾಗಿರುವಾಗ ಅದನ್ನು ಗುರುತಿಸುವುದಕ್ಕೂ, ಒಂದರಿಂದ ಮೂರನೆಯ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಕೂತಿರುವ ನಲಿ-ಕಲಿ ಶಾಲೆಯಲ್ಲಿ, ಆ ಗದ್ದಲದ ನಡುವೆ, ಅದನ್ನು ತಾನಾಗಿ ಹೊಳೆಯಿಸಿಕೊಳ್ಳುವುದಕ್ಕೂ ಸಾಮ್ಯವೆಲ್ಲಿಯದು!

ಅಂತಹ ಪರೀಕ್ಷೆಗೆ ಅವಕಾಶವೇ ಇಲ್ಲವೆನ್ನುವಂತಿಲ್ಲ. 2014ರ ನಿಯಮಾವಳಿ ಬಿ.ಎಡ್. ವ್ಯಾಸಂಗವನ್ನು ಎರಡು ವರ್ಷಕ್ಕೆ ವಿಸ್ತರಿಸಿ, ಅದರಲ್ಲಿ ಇಪ್ಪತ್ತು ವಾರಗಳನ್ನು ಶಾಲಾನುಭವಕ್ಕೆ ಮೀಸಲಿಟ್ಟಿದೆ. ಪ್ರಶಿಕ್ಷಣಾರ್ಥಿಯ ಯೋಗ್ಯಾಯೋಗ್ಯತೆ ಬಯಲಾಗಲು ಇದಕ್ಕಿಂತ ಪ್ರಶಸ್ತವಾದ ಸ್ಥಳ ಮತ್ತೊಂದಿಲ್ಲ. ಆದರೆ ಅಲ್ಲಿ ತಿದ್ದಿ ತೀಡಲ್ಪಡುವುದು ಬಹುಮಟ್ಟಿಗೆ ಪಾಠಟಿಪ್ಪಣಿಯ ದಫ್ತರು. ಅಂಕ ನೀಡುವುದು ಶುಲ್ಕ ಪಡೆದ ಕಾಲೇಜೇ ಆದುದರಿಂದ ಆಂತರಿಕ ಅಂಕಗಳು ಜಾತ್ರೆಯ ಪ್ರಸಾದದಂತೆ ಯಾರನ್ನೂ ಬರಿಗೈಯಲ್ಲಿ ಕಳಿಸುವುದಿಲ್ಲ. ಅಮೆರಿಕದ ಕೆಲವು ರಾಜ್ಯಗಳು ಈ ತೊಡಕಿಗೆ ಪರಿಹಾರವಾಗಿ, ಅಭ್ಯರ್ಥಿಯ ಪಾಠದ ವಿಡಿಯೊವನ್ನೂ ಮಕ್ಕಳ ಬರವಣಿಗೆಯನ್ನೂ ಹೊರಗಿನ ಪರೀಕ್ಷಕರಿಂದ ತೂಗಿಸಿ ನೋಡಿದವು. ವೆಚ್ಚ ಹೆಚ್ಚಿ ಆಕ್ಷೇಪಗಳು ಬೆಳೆದು, ನ್ಯೂಯಾರ್ಕ್ ರಾಜ್ಯ 2022ರಲ್ಲಿ ಆ ಪದ್ಧತಿಯನ್ನು ಕೈಬಿಟ್ಟಿತು. ಲಕ್ಷೋಪಲಕ್ಷ ಅಭ್ಯರ್ಥಿಗಳಿರುವ ನಾವು ಅದನ್ನೇ ನಕಲು ಮಾಡಹೊರಡುವುದು ವಿವೇಕವಲ್ಲ.

ನನ್ನ ಅಭಿಪ್ರಾಯದಲ್ಲಿ, ಇಪ್ಪತ್ತು ವಾರಗಳ ಕೊನೆಗೆ ಅಭ್ಯರ್ಥಿಯು ಒಂದೇ ತರಗತಿಯ ಹತ್ತು ಮಕ್ಕಳ ನೋಟ್‌ಬುಕ್ಕುಗಳನ್ನು ಮುಂದಿರಿಸಿಕೊಂಡು, ಪ್ರತಿಯೊಂದು ತಪ್ಪಿನ ಹಿಂದಿನ ಯೋಚನೆ ಏನಿದ್ದೀತು, ಅದಕ್ಕೆ ತಾನೇನು ಮಾಡಿದೆ ಎಂಬುದನ್ನು ಬೇರೆ ಕಾಲೇಜಿನ ಅಧ್ಯಾಪಕರೊಬ್ಬರಿಗೂ ಆ ಶಾಲೆಯ ಮುಖ್ಯೋಪಾಧ್ಯಾಯರಿಗೂ ವಿವರಿಸಿದರೆ ಸಾಕು. ದುಬಾರಿ ಯಂತ್ರವೊಂದೂ ಬೇಡ. ಬೇಕಾದುದು, ಪ್ರಶಿಕ್ಷಣಾರ್ಥಿಯನ್ನು ದಿನವೂ ಕಣ್ಣಾರೆ ಕಂಡಿದ್ದರೂ ಈಗ ಹಾಜರಿಪಟ್ಟಿಯ ಕೆಳಗೆ ಮೊಹರು ಒತ್ತಿ ಸಹಿ ಹಾಕುವುದಕ್ಕೆ ಮಾತ್ರ ಕರೆಯಲ್ಪಡುತ್ತಿರುವ ಆ ಮುಖ್ಯೋಪಾಧ್ಯಾಯರಿಗೆ, ‘ಈತ ಇನ್ನೂ ಸಿದ್ಧನಿಲ್ಲ’ ಎಂದು ಬರೆಯುವ ಅಧಿಕಾರ.